ಮಫ್ಲರ್ ಮಾವನ ಮೂರನೇ ಚೌಕ

ನವೆಂಬರ್ 18

ಗುಳ್ಳೆ ಮಾಸ್ತರರಿಗೆ,

ಈ ಹೆಸರಿನಿಂದ ನಿಮ್ಮನ್ನು ಕರೆದು ಮೂವತ್ತೊಂದು ವರ್ಷವಾಯಿತು. ಯಾರಪ್ಪಾ ಇದು ಎಂದು ತಲೆ ಕೆರೆದುಕೊಳ್ಳಬೇಡಿ. ನಾನು ಚಿತ್ರ ಬರೆಯುತ್ತಿದ್ದೆ, ನನ್ನ ಪಾತ್ರಗಳ ಬಾಯಿಂದ ಏಳುವ ಗುಳ್ಳೆಗಳಲ್ಲಿ ನೀವು ಅಕ್ಷರ ಬರೆಯುತ್ತಿದ್ದಿರಿ. ಹನ್ನೊಂದು ವರ್ಷ ಒಂದೇ ಹಾಳೆಯ ಮೇಲೆ ಇಬ್ಬರೂ ಕೈಯಾಡಿಸಿದೆವು. ಮುಖ ನೋಡಿದ್ದು ಎರಡೇ ಸಲ, ಎರಡು ಸಲವೂ ನೀವು ನೆಲ ನೋಡುತ್ತಿದ್ದಿರಿ.

ದಿನಪತ್ರಿಕೆಯಲ್ಲಿ ಮೂರು ಚೌಕದಲ್ಲಿ ಬರುತ್ತಿದ್ದ ನಮ್ಮ "ಮಫ್ಲರ್ ಮಾವ" ಈಗ ಯಾರಿಗೂ ನೆನಪಿಲ್ಲ. ಹಳೆಯ ಸಂಚಿಕೆಗಳು ಸಿಗುತ್ತವೆಯೇ ಎಂದು ಪತ್ರಿಕೆಯ ಕಚೇರಿಗೆ ಫೋನು ಮಾಡಿದೆ. ಅಲ್ಲಿದ್ದ ಹುಡುಗಿ, "ಅದು ಯಾವ ಕಂಪನಿದು ಮೇಡಂ, ಉಣ್ಣೆದಾ?" ಎಂದಳು. ಆ ಹುಡುಗಿಯ ಅಮ್ಮ ಅದನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದಿರಬೇಕು. ಕಿವಿಗೆ ಹತ್ತಿ, ಕುತ್ತಿಗೆಗೆ ಮಫ್ಲರ್, ಕಿಟಕಿಗೆಲ್ಲ ಚಿಲಕ. ತಣ್ಣನೆ ಗಾಳಿಗೆ ನೆಗಡಿ ಬರುತ್ತದೆಂದು ಮನೆಮಂದಿಯನ್ನೆಲ್ಲ ಒಂದೇ ಕೋಣೆಯಲ್ಲಿ ಕೂಡಿಹಾಕಿ, ಎಲ್ಲರ ಮೇಲೂ ತಾನೇ ಸೀನುವ ಮಹಾನುಭಾವ! ಮೂರನೇ ಚೌಕದಲ್ಲಿ ಅತ್ತೆ ಬಂದು ಕಿಟಕಿ ತೆಗೆಯುವಳು. ದಿನವೂ ಅದೇ, ಆದರೂ ಜನ ದಿನವೂ ನಗುತ್ತಿದ್ದರು.

ನಿಮ್ಮ ವಿಳಾಸ ಸಿಕ್ಕಿದ್ದು ಒಂದು ಲಾರಿಯ ಹಿಂಬದಿಯಲ್ಲಿ. ತರಕಾರಿಗೆಂದು ಹೊರಟಿದ್ದೆ, ಮುಂದೆ ನಿಂತಿದ್ದ ಲಾರಿಯ ಮೇಲೆ "ದೂರವಿರಿ" ಎಂದಿತ್ತು. ಆ "ದೂ"ವಿನ ಕೊಂಬು ಬಾಲ ಎತ್ತಿದ ರೀತಿ ನೋಡಿದ ಕೂಡಲೇ ನಿಮ್ಮ ಕೈ ಎಂದು ಗೊತ್ತಾಯಿತು. ಕೆಳಗೆ ಸಣ್ಣದಾಗಿ ಬೋರ್ಡು ಬರೆಯುವ ಅಂಗಡಿಯ ವಿಳಾಸ. ದೂರವಿರಿ ಎಂದವರನ್ನೇ ಹುಡುಕಿಕೊಂಡು ಬಂದಿದ್ದೇನೆ, ಏನು ಮಾಡುತ್ತೀರಿ?

ವಿಷಯಕ್ಕೆ ಬರುತ್ತೇನೆ. ಅಕ್ಕನ ಮಗಳು ನನ್ನ ಜೊತೆಗಿದ್ದಾಳೆ. ಚಳಿಗಾಲದ ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಒಂದೇ ಹಾಲಿನಲ್ಲಿ ನಲವತ್ತು ಯಂತ್ರಗಳು. ಅಳತೆಯ ಕಾಗದ ಹಾರುತ್ತದೆಂದು ಕಿಟಕಿಗಳಿಗೆಲ್ಲ ಮರದ ಪಟ್ಟಿ ಕೊಟ್ಟು ಸ್ಕ್ರೂ ಬಿಗಿದಿದ್ದಾರೆ. ಜ್ವರ ಬಂದರೂ ರಜೆ ಇಲ್ಲ. ಬಾಗಿಲ ಪಕ್ಕ "ತಪ್ಪದ ಹಾಜರಿ" ಎಂಬ ಬೋರ್ಡು. ಇಡೀ ಚಳಿಗಾಲ ಒಂದು ದಿನವೂ ತಪ್ಪಿಸದವರ ಫೋಟೋ ಅದರಲ್ಲಿ, ಅವರ ಎದೆಗೆ ಕೆಂಪು ಬ್ಯಾಡ್ಜು. ಹೋದ ವರ್ಷ ನನ್ನ ಹುಡುಗಿ ನಾಲ್ಕು ಸಲ ಜ್ವರದಲ್ಲೇ ಹೋದಳು. ನಾಲ್ಕನೇ ಸಲ ತಲೆ ಸುತ್ತಿ ಯಂತ್ರದ ಮೇಲೆ ಬಿದ್ದು ಸೂಜಿ ಬೆರಳಿನೊಳಕ್ಕೇ ಹೋಯಿತು. ಈ ವರ್ಷ ನಾನು ಸುಮ್ಮನಿರುವುದಿಲ್ಲ.

ಮಾವನನ್ನು ಮತ್ತೆ ಎಬ್ಬಿಸಿದ್ದೇನೆ. ಹಾಳೆ ಇದರೊಳಗಿದೆ. ಮಾತುಗಳನ್ನು ಮೊದಲಿನ ಹಾಗೇ ತಿಳಿನೀಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ, ನೀವು ಮೇಲೆ ಕಪ್ಪು ಶಾಯಿ ಓಡಿಸಿದರೆ ಸಾಕು. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ, ಹುಡುಗಿಯ ಅಕ್ಷರ ಅಲ್ಲಿಯ ಸೂಪರ್‌ವೈಸರಿಗೆ ಗೊತ್ತು. ಊಟದ ಕೋಣೆಯ ಗೋಡೆಗೆ ಅಂಟಿಸುವುದು ನಮ್ಮ ಯೋಜನೆ. ಬರೆದುಕೊಡುತ್ತೀರಲ್ಲ?

ಗೆರೆಯಮ್ಮ


ನವೆಂಬರ್ 27

ಗೆರೆಯಮ್ಮನವರಿಗೆ,

ನಿಮ್ಮ ಪತ್ರ ತಲುಪಿತು. ನನಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಆದ್ದರಿಂದ ಫೋನು ಮಾಡದೆ ಪತ್ರ ಬರೆದದ್ದು ಒಳ್ಳೆಯದಾಯಿತು.

ನಾನು ಮಗನ ಬೋರ್ಡಿನಂಗಡಿಯ ಹಿಂದಿನ ಕೋಣೆಯಲ್ಲಿದ್ದೇನೆ. ಈಗ ಅಕ್ಷರವನ್ನೆಲ್ಲ ಯಂತ್ರದಲ್ಲೇ ಕತ್ತರಿಸಿ ಅಂಟಿಸುತ್ತಾರೆ. ಹಳೆಯ ಲಾರಿ ಮಾಲೀಕರು ಕೆಲವರು ಮಾತ್ರ ಕೈಬರಹವೇ ಬೇಕೆಂದು ಬರುತ್ತಾರೆ. ಅವರು ಬಂದ ದಿನ ಮಗ ನನ್ನನ್ನು ಕರೆಯುತ್ತಾನೆ.

ಹಾಳೆಗೆ ಶಾಯಿ ಹಾಕಿ ಕಳಿಸಿದ್ದೇನೆ. ಅತ್ತೆಯ ಗುಳ್ಳೆ ಚಿಕ್ಕದಾಯಿತು. ನೀವು ಯಾವತ್ತೂ ಹಾಗೆಯೇ, ಚಿತ್ರಕ್ಕೆ ಇಡೀ ಚೌಕ, ಮಾತಿಗೆ ಮೂಲೆ. ಕೊನೆಯ ಸಾಲನ್ನು ಅದುಮಿ ಕೂರಿಸಬೇಕಾಯಿತು.

ಇದೊಂದು ಸಲ ಬರೆದಿದ್ದೇನೆ. ಮುಂದೆ ಬೇರೆ ಯಾರನ್ನಾದರೂ ನೋಡಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಹಳೆಯದನ್ನು ಕೆದಕುವುದರಿಂದ ಯಾರಿಗೂ ಉಪಯೋಗವಿಲ್ಲ. ನಿಮ್ಮ ಹುಡುಗಿಗೆ ಹುಷಾರಾಗಿರಲು ಹೇಳಿ.

ನಾನು ಚೆನ್ನಾಗಿದ್ದೇನೆ. ಸ್ವಲ್ಪ ಕೆಮ್ಮು, ಸೊಸೆ ಗಾಬರಿಪಡುವಷ್ಟೇನಿಲ್ಲ.

ಇಂತು,
ಅಕ್ಷರ ಬರೆಯುವವನು


ಡಿಸೆಂಬರ್ 6

ಗುಳ್ಳೆ ಮಾಸ್ತರರಿಗೆ,

ಬೇರೆ ಯಾರನ್ನಾದರೂ ನೋಡಿಕೊಳ್ಳಬೇಕಂತೆ! ಹುಣಸೆಹಣ್ಣು ಕೊಳ್ಳುತ್ತಿದ್ದೇನೆಯೇ ನಾನು, ಈ ಅಂಗಡಿಯಲ್ಲದಿದ್ದರೆ ಪಕ್ಕದಂಗಡಿ ಎನ್ನಲು?

ಕೇಳಿ. ಹುಡುಗಿ ಹಾಳೆಯನ್ನು ಜೆರಾಕ್ಸ್ ಮಾಡಿಸಿದಳು. ಅಚ್ಚುಕೂಟದ ಹಳೆಯ ಕ್ಯಾಮೆರಾದ ಹಾಗೆ ಈ ಯಂತ್ರಕ್ಕೂ ತಿಳಿನೀಲಿ ಕಾಣುವುದಿಲ್ಲ, ಗೊತ್ತೇ? ನನ್ನ ಪೆನ್ಸಿಲ್ಲಿನ ಗುರುತೆಲ್ಲ ಮಾಯ, ನಿಮ್ಮ ಕಪ್ಪು ಅಕ್ಷರ ಮಾತ್ರ ನಿಂತಿತ್ತು. ಊಟದ ಕೋಣೆಯಲ್ಲಿ ನಲವತ್ತು ಹೆಂಗಸರೂ ಒಬ್ಬರ ಮೇಲೊಬ್ಬರು ಬಿದ್ದು ನೋಡಿದರಂತೆ. "ಈ ಮಾವ ನಮ್ಮ ಸೂಪರ್‌ವೈಸರ್ ಥರಾನೇ ಇದಾನಲ್ಲೇ!" ಎಂದು ಒಬ್ಬಳು ಹೇಳಿದ್ದೇ ತಡ, ನಕ್ಕು ನಕ್ಕು ಅರ್ಧ ಜನಕ್ಕೆ ಕೆಮ್ಮು ಹತ್ತಿತಂತೆ. ನಗದೇ ಇದ್ದವಳು ಒಬ್ಬಳೇ. ಐದು ಚಳಿಗಾಲ ಒಂದೂ ರಜೆ ಹಾಕದೆ ಕೆಂಪು ಬ್ಯಾಡ್ಜು ತೊಟ್ಟವಳು, ಹುಡುಗಿಯರು ಬ್ಯಾಡ್ಜಕ್ಕ ಎನ್ನುತ್ತಾರೆ. ಅವಳು ಮೂಗೊರೆಸಿಕೊಂಡು ಎದ್ದುಹೋದಳು.

ಸಂಜೆಯ ಹೊತ್ತಿಗೆ ಸೂಪರ್‌ವೈಸರ್ ಹರಿದುಹಾಕಿದ. ನಾವು ಇನ್ನೊಂದು ಅಂಟಿಸಿದೆವು.

ಹಳೆಯದನ್ನು ಕೆದಕಬೇಡಿ ಎಂದಿದ್ದೀರಿ. ಕೆದಕುತ್ತೇನೆ. ಇಷ್ಟು ವರ್ಷ ನಿಮಗೊಂದು ಮಾತು ಹೇಳದೆ ಉಳಿಸಿಕೊಂಡಿದ್ದೇನೆ. ಆ ಕೊನೆಯ ಚಳಿಗಾಲ ಹಾಳೆಯ ಅಂಚಿನಲ್ಲಿ ನೀವೇ ಬರೆದಿದ್ದಿರಿ, ಅಚ್ಚುಕೂಟದಲ್ಲಿ ಏಳು ಜನ ಮಲಗಿದ್ದಾರೆ, ಮಾಲೀಕರು ಜ್ವರ ಇಟ್ಟುಕೊಂಡೇ ಆಫೀಸಿನಲ್ಲಿ ಓಡಾಡುತ್ತಿದ್ದಾರೆ ಎಂದು. ನನಗೆ ಮೈಯೆಲ್ಲ ಉರಿಯಿತು. ಮೂರನೇ ಚೌಕದಲ್ಲಿ ಅತ್ತೆಯ ಗುಳ್ಳೆಯೊಳಗೇ ನಿಮಗೆಂದು ನೀಲಿಯಲ್ಲಿ ಗೊಣಗಿದ್ದೆ: "ನಮ್ಮ ಪತ್ರಿಕೆ ಮಾಲೀಕರು ಜ್ವರ ಹೊತ್ಕೊಂಡು ಬಂದು ಎಲ್ಲರನ್ನೂ ಮಲಗಿಸಿದ್ರು. ಮೊದ್ಲು ಅವರ ಕೋಣೆ ಕಿಟಕಿ ತೆಗೀಬೇಕು!" ನಿಜವಾದ ಮಾತು ಹಾಳೆಯ ಹಿಂದಿತ್ತು. ನೀವು ನಕ್ಕು, ಹಿಂದಿನದನ್ನು ಬರೆಯುತ್ತೀರಿ ಎಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಪತ್ರಿಕೆ ತೆರೆದರೆ ಗೊಣಗಿದ್ದೇ ಅಚ್ಚಾಗಿತ್ತು, ನಿಮ್ಮ ಮುತ್ತಿನಂಥ ಅಕ್ಷರದಲ್ಲಿ! ಅವತ್ತಿಗೇ ಮಾವನ ಕಥೆ ಮುಗಿಯಿತು. ನನಗೆ ಮತ್ತೆ ಯಾವ ಪತ್ರಿಕೆಯೂ ಕೆಲಸ ಕೊಡಲಿಲ್ಲ, ಶಾಲೆಗಳಿಗೆ ನಕ್ಷೆ ಬರೆದುಕೊಂಡು ಬದುಕಿದೆ. ನಿಮ್ಮಿಂದ ಒಂದು ಕಾರ್ಡು ಬಂತು, "ಬರೆದದ್ದು ಬರೆದಾಯಿತು" ಎಂದಷ್ಟೇ. ಎಂಥ ಎದೆಗಾರಿಕೆ ಎಂದುಕೊಂಡೆ. ಕರಡು ತಿದ್ದುವ ಮೇಷ್ಟ್ರು ಅದೇ ಜ್ವರದಲ್ಲಿ ತೀರಿಕೊಂಡರೆಂದು ಆಮೇಲೆ ಕೇಳಿದಾಗ, ನೀವು ಬರೆದದ್ದು ಇನ್ನೂ ಸರಿ ಎನಿಸಿತು. ಆ ಕೆಲಸಕ್ಕೆ ಉಗಿದು ರಾಜೀನಾಮೆ ಬಿಸಾಕಿರುತ್ತೀರಿ ಎಂದು ಅವತ್ತೇ ಅಂದುಕೊಂಡೆ, ಮೊನ್ನೆ ಲಾರಿಯ ಮೇಲೆ ನಿಮ್ಮ ಕೈ ಕಂಡಾಗ ಖಾತ್ರಿಯಾಯಿತು. ಇಷ್ಟು ವರ್ಷ ನಿಮ್ಮನ್ನು ನೆನೆಸಿಕೊಂಡೇ ನಾನೂ ತಲೆಯೆತ್ತಿ ನಡೆದೆ.

ಅದೇ ಧೈರ್ಯ ಮತ್ತೊಮ್ಮೆ ಬೇಕು. ಎರಡನೇ ಹಾಳೆ ಇಟ್ಟಿದ್ದೇನೆ. ಈ ಸಲ ಬೇಕೆಂದೇ ಗುಳ್ಳೆ ದೊಡ್ಡದು.

ಗೆರೆಯಮ್ಮ


ಡಿಸೆಂಬರ್ 19

ಮಾಸ್ತರರೇ,

ಹಾಳೆ ತಲುಪಿತೇ? ಅಂಚೆಯವರ ಮೇಲೆ ಸಿಟ್ಟಾಗಬೇಕೋ ನಿಮ್ಮ ಮೇಲೋ ತಿಳಿಯುತ್ತಿಲ್ಲ. ಯಾರ ಮೇಲೆಂದು ಬೇಗ ತಿಳಿಸಿದರೆ ಉಪಕಾರವಾಗುತ್ತದೆ. ಇಲ್ಲಿ ಹನ್ನೆರಡು ಜನಕ್ಕೆ ಜ್ವರ, ಹನ್ನೆರಡೂ ಜನ ಕೆಲಸಕ್ಕೆ ಬರುತ್ತಿದ್ದಾರೆ.

ಗೆ.


ಜನವರಿ 4

ಮಾಸ್ತರರಿಗೆ,

ಇದು ನನ್ನ ಕೊನೆಯ ಪತ್ರ. ನಾಲ್ಕು ವಾರ ಕಾದೆ. ಬರೆಯುವುದಿಲ್ಲ ಎಂದು ಒಂದು ಸಾಲು ಬರೆಯಲು ಎಷ್ಟು ಶಾಯಿ ಬೇಕು?

ಸೂಪರ್‌ವೈಸರ್ ನನ್ನ ಹುಡುಗಿಯನ್ನು ಕೋಣೆಗೆ ಕರೆಸಿದ್ದ. "ಈ ಅಕ್ಷರ ಬರ್ದಿರೋರು ಯಾರು, ಈ ತಿಂಗಳ ಮೂವತ್ತೊಂದರೊಳಗೆ ಹೇಳು. ಇಲ್ಲಾಂದ್ರೆ ಒಂದನೇ ತಾರೀಕಿಂದ ಬರಬೇಡ" ಎಂದನಂತೆ. ಇವಳು ಎದುರಿಗೇ ಸೀನಿ, "ಕ್ಷಮಿಸಿ ಸರ್, ರಜೆ ಸಿಗ್ಲಿಲ್ಲ" ಎಂದು ಬಂದಿದ್ದಾಳೆ. ನನ್ನ ಹುಡುಗಿ ಅವಳು! ಆದರೆ ಮನೆಗೆ ಬಂದವಳು ನನ್ನ ತೊಡೆಯ ಮೇಲೆ ತಲೆಯಿಟ್ಟು, "ಚಿಕ್ಕಮ್ಮಾ, ಈ ಕೆಲ್ಸ ಹೋದ್ರೆ ಬೇರೆ ಯಾರೂ ತಗೊಳಲ್ಲ ನನ್ನ" ಎಂದಳು. ಸೂಜಿ ಹೊಕ್ಕ ಬೆರಳು ಇನ್ನೂ ಸರಿಯಾಗಿ ಮಡಚುವುದಿಲ್ಲ.

ನಿಮ್ಮ ವಿಳಾಸ ನಾನು ಕೊಡುವುದಿಲ್ಲ, ಹೆದರಬೇಡಿ. ಮನುಷ್ಯನಿಗೆ ಒಂದು ಸಲ ಧೈರ್ಯ ಬರುತ್ತದೆ, ವಯಸ್ಸಾದ ಮೇಲೆ ಇಳಿದುಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಮಫ್ಲರ್ ಸುತ್ತಿಕೊಂಡು, ಚಿಲಕ ಹಾಕಿಕೊಂಡು ಬೆಚ್ಚಗಿರಿ.

ಗೆರೆಯಮ್ಮ


ಜನವರಿ 12

ಗೆರೆಯಮ್ಮನವರಿಗೆ,

ನಿಮ್ಮ ಮೂರು ಪತ್ರಗಳನ್ನೂ ಸೊಸೆ ಮೊನ್ನೆ ಒಟ್ಟಿಗೇ ಕೊಟ್ಟಳು. ಡಿಸೆಂಬರ್ 8ರಿಂದ ಆಸ್ಪತ್ರೆಯಲ್ಲಿದ್ದೆ. ಎರಡೂ ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಿತ್ತು. ನವೆಂಬರಿನಲ್ಲಿ ಸ್ವಲ್ಪ ಕೆಮ್ಮು ಎಂದು ಬರೆದದ್ದು ನಿಜವಲ್ಲ, ಆಗಲೇ ಜ್ವರವಿತ್ತು. ಲಾರಿಯವರು ಕಾಯುತ್ತಿದ್ದಾರೆಂದು ಅಂಗಡಿಯಲ್ಲೇ ಇದ್ದೆ. ಮಗನಿಗೂ ಹತ್ತಿತು. ಬುದ್ಧಿ ಬಂದಿಲ್ಲ ನನಗೆ, ಅದನ್ನು ಹೇಳಲೆಂದೇ ಈ ಪತ್ರ.

ನಾನು ರಾಜೀನಾಮೆ ಕೊಡಲಿಲ್ಲ. ಅದೇ ಪತ್ರಿಕೆಯಲ್ಲಿ ಇನ್ನೂ ಹದಿನಾಲ್ಕು ವರ್ಷ ರಾಶಿಭವಿಷ್ಯದ ಪುಟಕ್ಕೆ ತಲೆಬರಹ ಬರೆದೆ. ನಿವೃತ್ತನಾದ ಮೇಲೆ ಮಗನ ಅಂಗಡಿಗೆ ಬಂದೆ.

ಆ ಮಾತನ್ನು ನಾನು ಧೈರ್ಯದಿಂದ ಬರೆದದ್ದೂ ಅಲ್ಲ. ಅವತ್ತು ನನಗೆ ನೂರಾ ಮೂರು ಡಿಗ್ರಿ. ಕಣ್ಣು ಉರಿಯುತ್ತಿತ್ತು, ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು. ಗುಳ್ಳೆಯೊಳಗೆ ನೀಲಿ ಇದ್ದರೆ ಅದರ ಮೇಲೆ ಕಪ್ಪು ಓಡಿಸಬೇಕು, ಹನ್ನೊಂದು ವರ್ಷದ ಅಭ್ಯಾಸ. ಓದಿದೆನೋ ಇಲ್ಲವೋ ನೆನಪಿಲ್ಲ. ಹಾಳೆ ತಿರುಗಿಸಿ ನೋಡಲಿಲ್ಲ. ಮರುದಿನ ಅಚ್ಚಾಗಿ ಬಂದಾಗಲೇ ನನಗೂ ತಿಳಿದದ್ದು.

ಪುಟ ಅಚ್ಚಿಗೆ ಹೋಗುವ ಮುಂಚೆ ಕರಡು ತಿದ್ದುವ ಮೇಷ್ಟ್ರು ನೋಡಬೇಕಿತ್ತು. ಅವರಿದ್ದಿದ್ದರೆ ಹಿಡಿಯುತ್ತಿದ್ದರು, ಅವರ ಕಣ್ಣಿಗೆ ಒಂದು ಚುಕ್ಕೆಯೂ ತಪ್ಪುತ್ತಿರಲಿಲ್ಲ. ಅವರು ಮಲಗಿದ್ದರು. ಮಲಗಿಸಿದವನು ನಾನು.

ಅಚ್ಚುಕೂಟದಲ್ಲಿ ಮೊದಲು ಜ್ವರ ಬಂದದ್ದು ನನಗೆ. ಮಾಲೀಕರಿಗೆ ಬಂದದ್ದು ನಾಲ್ಕು ದಿನದ ನಂತರ. ನನ್ನ ಮೇಜಿಗೂ ಮೇಷ್ಟ್ರ ಮೇಜಿಗೂ ಒಂದೇ ದೀಪ. ಅವರದು ಮೊದಲೇ ಸೋತ ಎದೆ. "ಮನೆಗೆ ಹೋಗೋ ಮಾರಾಯ, ಗುಳ್ಳೆ ನಾಳೆ ಬರೆದ್ರಾಯ್ತು" ಎಂದು ಎರಡು ಸಲ ಹೇಳಿದರು. ನಾನು ಹೋಗಲಿಲ್ಲ. ಹನ್ನೊಂದು ವರ್ಷ ಒಂದೂ ರಜೆ ಹಾಕದ ನೌಕರನೆಂದು ನನಗೆ ಪ್ರಶಸ್ತಿಪತ್ರ ಕೊಟ್ಟಿದ್ದರು, ಗಾಜು ಹಾಕಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಹನ್ನೆರಡನೇ ವರ್ಷ ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲ. ನನ್ನ ಜ್ವರ ಒಮ್ಮೆ ಬಿಟ್ಟು ಮತ್ತೆ ಬಂತು. ಮೇಷ್ಟ್ರದು ಬಿಡಲೇ ಇಲ್ಲ, ಎಂಟನೇ ದಿನ ಹೋದರು.

ಹಾಳೆಯ ಅಂಚಿನಲ್ಲಿ ನಿಮಗೆ ಬರೆದ ಮಾತಿನಲ್ಲಿ ಮಾಲೀಕರನ್ನು ಸೇರಿಸಿದೆ, ನನ್ನನ್ನು ಬಿಟ್ಟೆ. ಅದಕ್ಕೇ ನೀವು ಅವರನ್ನು ಬೈದಿರಿ, ನಿಮ್ಮ ಕೆಲಸ ಹೋಯಿತು. ಮಾಲೀಕರು ನನ್ನನ್ನು ಕರೆಸಿ ಕೇಳಿದಾಗ ಜ್ವರದಲ್ಲಿ ತಪ್ಪಾಯಿತು ಎಂದೆ. "ಜ್ವರ ಇದ್ದರೆ ಯಾಕ್ರೀ ಬಂದ್ರಿ?" ಎಂದರು. "ಬರೆದದ್ದು ಬರೆದಾಯಿತು" ಎಂಬ ಕಾರ್ಡನ್ನು ನಾಚಿಕೆಯಿಂದ ಬರೆದೆ. ನೀವು ಅದನ್ನು ಇಷ್ಟು ಎತ್ತರದಲ್ಲಿ ಇಟ್ಟಿರುತ್ತೀರೆಂದು ತಿಳಿದಿರಲಿಲ್ಲ.

ನನ್ನ ವಿಳಾಸವನ್ನು ಸೂಪರ್‌ವೈಸರಿಗೆ ಕೊಡಿ. ಎರಡನೇ ಹಾಳೆಯನ್ನು ಬರೆಯದೆ ಹಿಂದಿರುಗಿಸಿದ್ದೇನೆ. ಧೈರ್ಯವಂತನೆಂದು ನೀವು ನಂಬಿದವನ ಕೈಗೆ ಕಳಿಸಿದ ಹಾಳೆ ಅದು.

ಇಂತು,
ಅಕ್ಷರ ಬರೆಯುವವನು


ಜನವರಿ 20

ಮಾಸ್ತರರೇ,

ನಿಮ್ಮ ಪತ್ರ ಓದಿ ಮೂರು ದಿನ ಒಲೆ ಹಚ್ಚಲಿಲ್ಲ. ಹುಡುಗಿಯೇ ಅಡುಗೆ ಮಾಡಿದಳು. ನಾಲ್ಕನೇ ದಿನ ನಿಮ್ಮನ್ನು ಜೋರಾಗಿ ಬೈದೆ, ಪಕ್ಕದ ಮನೆಯವರು ಬಂದು ಯಾರ ಜೊತೆ ಜಗಳ ಎಂದು ವಿಚಾರಿಸಿದರು.

ಸಮಾಧಾನದ ಮಾತು ನನ್ನಿಂದ ಬರುವುದಿಲ್ಲ. ಮೇಷ್ಟ್ರು ನನಗೂ ಬೇಕಾದವರು. "ಅತ್ತೆಗೊಂದು ಹೆಸರಿಡು ತಾಯಿ, ಪಾಪ" ಎಂದು ಪ್ರತಿ ವಾರ ಅಂಚಿನಲ್ಲಿ ಬರೆಯುತ್ತಿದ್ದರು. ನೀವು ಆಗಲೇ ಹೇಳಿದ್ದರೆ ನಾನು ಸಿಟ್ಟಾಗುತ್ತಿದ್ದೆ, ಅಳುತ್ತಿದ್ದೆ, ಆಮೇಲೆ ಅದನ್ನೇ ಬರೆಯುತ್ತಿದ್ದೆ. ನೀವು ಹೇಳಲಿಲ್ಲ. ಮೂವತ್ತೊಂದು ವರ್ಷ ಇಲ್ಲದ ಧೈರ್ಯವಂತನೊಬ್ಬನನ್ನು ನೆನೆದುಕೊಂಡು ಬದುಕಿದ್ದೇನೆ. ಅದನ್ನು ನಾನು ಮರೆಯುವುದಿಲ್ಲ.

ಆದರೆ ಮೇಷ್ಟ್ರು ಸತ್ತದ್ದಕ್ಕೆ ನಿಮ್ಮೊಬ್ಬರನ್ನೇ ಬೈದು ಮುಗಿಸಲು ನಾನು ತಯಾರಿಲ್ಲ. ನಿಮಗೆ ಆ ಜ್ವರವನ್ನು ಯಾರು ಹತ್ತಿಸಿದರೋ ಏನೋ. ಜ್ವರದಲ್ಲಿ ಬಂದವನಿಗೆ ಗಾಜು ಹಾಕಿದ ಕಾಗದ ಕೊಟ್ಟವರು ಯಾರು? ಮನೆಯಲ್ಲಿ ಮಲಗಿದವನಿಗೆ ಏನು ಕೊಡುತ್ತಿದ್ದರು? ಅದೇ ಕಾಗದವನ್ನು ಇಲ್ಲಿ ಕೆಂಪು ಬ್ಯಾಡ್ಜು ಮಾಡಿ ಬ್ಯಾಡ್ಜಕ್ಕನ ಎದೆಗೆ ಚುಚ್ಚಿದ್ದಾರೆ. ಅವಳ ಪಕ್ಕದ ಯಂತ್ರದಲ್ಲಿ ಯಾರು ಕೂರುತ್ತಾರೆ ಗೊತ್ತೇ? ನನ್ನ ಹುಡುಗಿ.

ಹೊಸ ಹಾಳೆ ಕಳಿಸಿದ್ದೇನೆ. ಮೊದಲ ಚೌಕದಲ್ಲಿ ಒಬ್ಬ ಮನುಷ್ಯ, ಕಣ್ಣು ಕೆಂಪು, ಕೈಯಲ್ಲಿ ಲೇಖನಿ, ಮೇಜಿನ ಮೇಲೆ ಪ್ರಶಸ್ತಿಪತ್ರ. ನೆಲ ನೋಡುತ್ತಿದ್ದಾನೆ, ನಿಮ್ಮ ಮುಖ ನನಗೆ ಅಷ್ಟೇ ಗೊತ್ತಿರುವುದು. ಎರಡನೇ ಚೌಕದಲ್ಲಿ ಪಕ್ಕದ ಖಾಲಿ ಕುರ್ಚಿ. ಮೂರನೆಯದರಲ್ಲಿ ಅತ್ತೆ ಇಲ್ಲ, ಅವಳಿಗೆ ಒಂದು ದಿನ ರಜೆ. ಕಿಟಕಿಯ ಹತ್ತಿರ ಆ ಮನುಷ್ಯನೇ ನಿಂತಿದ್ದಾನೆ. ಗುಳ್ಳೆಗೆ ಅರ್ಧ ಚೌಕ ಬಿಟ್ಟಿದ್ದೇನೆ, ಅದುಮುವ ಕಷ್ಟವಿಲ್ಲ.

ಈ ಸಲ ನೀಲಿಯಲ್ಲಿ ಏನೂ ಬರೆದಿಲ್ಲ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಬೇಕಾದರೆ ತಿರುಗಿಸಿ ನೋಡಿಕೊಳ್ಳಿ.

ಗೆರೆಯಮ್ಮ


ಜನವರಿ 26

ಗೆರೆಯಮ್ಮನವರಿಗೆ,

ಹಾಳೆ ಕಳಿಸಿದ್ದೇನೆ. ಜೆರಾಕ್ಸಿನಲ್ಲಿ ಹೇಗೆ ಬರುತ್ತದೋ ತಿಳಿಯದು, ಆದ್ದರಿಂದ ಗುಳ್ಳೆಯ ಮಾತನ್ನು ಇಲ್ಲಿಯೂ ಬರೆಯುತ್ತೇನೆ:

"ಒಂದು ದಿನವೂ ತಪ್ಪಿಸದೇ ಇದ್ದವನು ನಾನೇ. ಪಕ್ಕದ ಕುರ್ಚಿ ಖಾಲಿ ಮಾಡಿದವನೂ ನಾನೇ. ಜ್ವರ ಬಂದೋರು ಮನೆಗೆ ಹೋಗ್ರೀ. ಹೋಗೋಕೆ ಬಿಡದವರು ಯಾರು ಅಂತ ಜೋರಾಗಿ ಕೇಳ್ರೀ!"

ಹನ್ನೊಂದು ವರ್ಷ ಹಾಳೆಯ ಕೆಳಗೆ ನಿಮ್ಮ ಸಹಿ ಮಾತ್ರ ಇರುತ್ತಿತ್ತು. ಈ ಸಲ ಪಕ್ಕದಲ್ಲಿ ನನ್ನದೂ ಇದೆ, ವಿಳಾಸದ ಸಮೇತ. ಸೂಪರ್‌ವೈಸರಿಗೆ ಬೇರೆಯಾಗಿ ಒಂದು ಪತ್ರ ಬರೆದಿದ್ದೇನೆ: ಅಕ್ಷರ ನನ್ನದು, ಮಾತೂ ನನ್ನದು, ಕೇಳುವುದಿದ್ದರೆ ನನ್ನನ್ನು ಕೇಳಿ, ಕಿವಿ ಮಂದ, ಆದ್ದರಿಂದ ಬರೆದು ಕೇಳಿ ಎಂದು.

ಬರೆಯುವ ಮುಂಚೆ ಥರ್ಮಾಮೀಟರ್ ಇಟ್ಟುಕೊಂಡೆ. ಸೊಸೆಯನ್ನು ಕರೆದು ಅವಳ ಕೈಯಲ್ಲೂ ಓದಿಸಿದೆ. ತೊಂಬತ್ತೆಂಟು ಪಾಯಿಂಟ್ ನಾಲ್ಕು. ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದೆ. ಓದಿಯೇ ಬರೆದಿದ್ದೇನೆ.

ಅಕ್ಷರ ಬರೆಯುವವನು


ಫೆಬ್ರವರಿ 3

ಗುಳ್ಳೆ ಮಾಸ್ತರರಿಗೆ,

ಮೂವತ್ತೊಂದನೇ ತಾರೀಕು ಬೆಳಿಗ್ಗೆ ಹುಡುಗಿ ಅದನ್ನು "ತಪ್ಪದ ಹಾಜರಿ" ಬೋರ್ಡಿನ ಮೇಲೇ ಅಂಟಿಸಿದಳು, ಫೋಟೋಗಳು ಮುಚ್ಚಿಹೋಗುವ ಹಾಗೆ. ಈ ಸಲ ಯಾರೂ ನಗಲಿಲ್ಲ. ಬ್ಯಾಡ್ಜಕ್ಕ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತು ಓದಿದಳಂತೆ. ಸೂಪರ್‌ವೈಸರ್ ಹರಿಯಲು ಬಂದಾಗ, "ಸರ್, ಅದಿರ್ಲಿ. ಓದಿ ಮುಗಿಸಿಲ್ಲ ನಾವು" ಎಂದಳು. ಐದು ವರ್ಷದಲ್ಲಿ ಅವಳು ಅವನಿಗೆ ಎದುರಾಡಿದ್ದು ಅದೇ ಮೊದಲು. ಅವನು ನನ್ನ ಹುಡುಗಿಯ ಕಡೆ ತಿರುಗಿ, "ನಾಳೆಯಿಂದ..." ಎಂದು ಶುರುಮಾಡಿದ. ಬ್ಯಾಡ್ಜಕ್ಕ ಕೆಂಪು ಬ್ಯಾಡ್ಜು ಬಿಚ್ಚಿ ಅವನ ಮೇಜಿನ ಮೇಲಿಟ್ಟು, "ನಾಳೆ ನಂಗೂ ರಜೆ. ಮೂರು ದಿನದಿಂದ ಜ್ವರ ಇದೆ" ಎಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಹದಿಮೂರು ಜನ ಅದನ್ನೇ ಹೇಳಿದರು. ಇಪ್ಪತ್ತಾರು ಯಂತ್ರದಲ್ಲಿ ನಲವತ್ತು ಯಂತ್ರದ ಕೋಟು ಹೊಲಿಯಲು ಆಗುವುದಿಲ್ಲ ಎಂದು ಅವನಿಗೂ ಗೊತ್ತು. ನನ್ನ ಹುಡುಗಿ ಒಂದನೇ ತಾರೀಕೂ ಕೆಲಸಕ್ಕೆ ಹೋದಳು, ಅವನು ತಡೆಯಲಿಲ್ಲ.

ಹೋದವಳು ಸುಮ್ಮನಿರಬೇಕಲ್ಲ. ಹೊಲಿಗೆ ಯಂತ್ರದ ಸ್ಕ್ರೂಡ್ರೈವರ್ ತೆಗೆದುಕೊಂಡು ಮೊದಲ ಕಿಟಕಿಯ ಪಟ್ಟಿ ಬಿಚ್ಚಿಬಿಟ್ಟಳು. "ಚಳಿ ಬರುತ್ತೆ, ಮುಚ್ಚಿ!" ಎಂದು ಅವನು ಕೂಗಿದ. ಇಪ್ಪತ್ತಾರು ಜನ ಚೀಲದಿಂದ ಮಫ್ಲರ್ ತೆಗೆದು ಸುತ್ತಿಕೊಂಡು ಕೂತರಂತೆ. ನಮ್ಮ ಮಾವನ ಮಫ್ಲರಿಗೆ ಕೊನೆಗೂ ಒಂದು ಒಳ್ಳೆಯ ಕೆಲಸ ಸಿಕ್ಕಿತು. ಅಳತೆಯ ಕಾಗದಗಳ ಮೇಲೆ ಕತ್ತರಿ ಇಟ್ಟರು, ಒಂದೂ ಹಾರಲಿಲ್ಲ. ಕಿಟಕಿ ಇವತ್ತಿಗೂ ತೆರೆದೇ ಇದೆ. ಇನ್ನು ಒಂಬತ್ತು ಬಾಕಿ.

ನಿಮ್ಮ ಮೇಲೆ ನನ್ನ ಸಿಟ್ಟು ಹೋಗಿಲ್ಲ, ಹೋಗುವ ಲಕ್ಷಣವೂ ಕಾಣುತ್ತಿಲ್ಲ. ಅದನ್ನು ಇಟ್ಟುಕೊಂಡೇ ಕೆಲಸ ಮಾಡೋಣ. ವಾರಕ್ಕೊಂದು ಹಾಳೆ ಬರೆದುಕೊಡಿ. ಆದರೆ ಒಂದು ಷರತ್ತು. ಕೆಮ್ಮು ಬಂದರೆ ಕೆಮ್ಮು ಎಂದೇ ಬರೆಯಬೇಕು, ಸ್ವಲ್ಪ ಎಂದು ಸೇರಿಸಕೂಡದು. ಜ್ವರ ಬಂದರೆ ಶಾಯಿ ಮುಟ್ಟಕೂಡದು. ಹಾಳೆ ಅಲ್ಲೇ ಬಿದ್ದಿರಲಿ, ನೀವು ಹೋಗಿ ಮಲಗಿ.

ಗುಳ್ಳೆ ನಾಳೆ ಬರೆದರಾಯಿತು.

ಗೆರೆಯಮ್ಮ